ತೊಟ್ಟಿಲಿಗೂ ಗಂಡಸಿನ ತಟ್ಟೆಗೂ ಏನು ನಂಟು?

ಕನ್ನಡದಲ್ಲಿ 'ಬಂಜೆ' ಎಂಬ ಪದವಿದೆ. ಮಕ್ಕಳಾಗದ ಹೆಂಗಸಿಗೆ ಊರು ಕಟ್ಟುವ ಹೆಸರು ಅದು. ಮಕ್ಕಳಾಗದ ಗಂಡಸಿಗೆ ಅದಕ್ಕೆ ಸರಿಸಮನಾದ ಪದ ಆಡುಮಾತಿನಲ್ಲಿ ಬಳಕೆಯಲ್ಲಿಲ್ಲ. 'ಷಂಡ', 'ನಪುಂಸಕ' ಎಂಬ ಬೈಗುಳಗಳೇನೋ ಇವೆ. ಆದರೆ ಅವು ಕೂಡುವ ಶಕ್ತಿ ಇಲ್ಲದವನನ್ನು ಕುರಿತವು. ಕೂಡುವ ಶಕ್ತಿ ಚೆನ್ನಾಗಿಯೇ ಇದ್ದು, ನೋಡಲು ಗಟ್ಟಿಮುಟ್ಟಾಗಿಯೇ ಇದ್ದು, ವೀರ್ಯದಲ್ಲಿ ಮಾತ್ರ ಸಾಕಷ್ಟು ವೀರ್ಯಾಣುಗಳಿಲ್ಲದ ಗಂಡಸನ್ನು ಏನೆಂದು ಕರೆಯಬೇಕೋ ನಮ್ಮ ಭಾಷೆಗೆ ಗೊತ್ತಿಲ್ಲ.

ಭಾಷೆಯಲ್ಲಿರುವ ಈ ಓರೆ ಆಚರಣೆಯಲ್ಲೂ ಇದೆ. ಮಕ್ಕಳಿಗಾಗಿ ನಾಗರಕಲ್ಲಿಗೆ ಹಾಲೆರೆಯುವವಳು ಹೆಂಡತಿ. ಅರಳಿಕಟ್ಟೆ ಸುತ್ತುವವಳೂ ಅವಳೇ, ಉಪವಾಸ ಹಿಡಿಯುವವಳೂ ಅವಳೇ. ಮೂವರು ರಾಣಿಯರಿದ್ದೂ ದಶರಥನಿಗೆ ಮಕ್ಕಳಾಗಲಿಲ್ಲ. ಯಾಗದ ಕೊನೆಗೆ ಪಾಯಸ ಕುಡಿದವರು ಮಾತ್ರ ರಾಣಿಯರು. ಇಂದಿಗೂ ಎಷ್ಟೋ ಮನೆಗಳಲ್ಲಿ ಸೊಸೆಗೆ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಮಾತ್ರೆ ಎಲ್ಲ ಮುಗಿದ ಮೇಲೆ, ವರ್ಷಗಳು ಕಳೆದ ಮೇಲೆ, 'ಮಗನನ್ನೂ ಒಮ್ಮೆ ತೋರಿಸೋಣವೇ?' ಎಂಬ ಪ್ರಶ್ನೆ ಹಿಂಜರಿಯುತ್ತಾ ಹೊರಬರುತ್ತದೆ. ಅಷ್ಟರಲ್ಲಿ ಕೆಲವು ಮನೆಗಳಲ್ಲಿ ಎರಡನೆಯ ಮದುವೆಯ ಮಾತೂ ಬಂದುಹೋಗಿರುತ್ತದೆ.

ವೈದ್ಯಶಾಸ್ತ್ರದ ಲೆಕ್ಕ ಬೇರೆಯೇ ಇದೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಕಾರಣ ಗಂಡಸಿನಲ್ಲಿರುತ್ತದೆ, ಇಲ್ಲವೇ ಕಾರಣದಲ್ಲಿ ಅವನ ಪಾಲೂ ಇರುತ್ತದೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಜೀವನದ ಯಾವುದಾದರೊಂದು ಹಂತದಲ್ಲಿ ಸಂತಾನಹೀನತೆಯನ್ನು ಅನುಭವಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತು. ಹೀಗಿರುವಾಗ ಹೆಂಗಸೊಬ್ಬಳನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯವಷ್ಟೇ ಅಲ್ಲ, ದಂಡವೂ ಹೌದು. ಏಕೆಂದರೆ ಗಂಡಸಿನ ಕಡೆಯ ಕಾರಣಗಳಲ್ಲಿ ಕೆಲವು ತೀರಾ ಸಾಮಾನ್ಯವಾದವು; ತಿದ್ದಿಕೊಳ್ಳಬಹುದಾದವು. ಅವುಗಳಲ್ಲಿ ಎರಡು ದಿನವೂ ಕಣ್ಣೆದುರಿಗೇ ಇರುತ್ತವೆ: ಅವನ ಊಟ ಮತ್ತು ಅವನ ತೂಕ.

ಹಿಂದಿನವರು ಕಂಡದ್ದು

ಊಟಕ್ಕೂ ಬೀಜಕ್ಕೂ ನಂಟಿದೆ ಎಂಬುದು ಹೊಸ ವಿಚಾರವಲ್ಲ. ಆಯುರ್ವೇದದ ಪ್ರಕಾರ ಉಂಡ ಅನ್ನ ಮೊದಲು ರಸವಾಗುತ್ತದೆ. ಆ ಮೇಲೆ ಕ್ರಮವಾಗಿ ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆಗಳಾಗಿ ಕೊನೆಗೆ ಶುಕ್ರವಾಗುತ್ತದೆ. ಏಳು ಧಾತುಗಳಲ್ಲಿ ಕಡೆಯದು ಶುಕ್ರ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯವಿಡೀ ವಾಜೀಕರಣಕ್ಕೆ ಮೀಸಲು. ಹಾಲು, ತುಪ್ಪ, ಉದ್ದು, ಮಾಂಸರಸಗಳ ಪಾಕಗಳು ಅಲ್ಲಿ ಸಾಲುಸಾಲಾಗಿ ಬರುತ್ತವೆ.

ಆದರೆ ಅದೇ ಗ್ರಂಥದ ಇನ್ನೊಂದು ಕಡೆ ಇರುವ ಎಚ್ಚರಿಕೆಯನ್ನು ನಾವು ಮರೆತಿದ್ದೇವೆ. ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಚರಕ ಅತಿಸ್ಥೂಲನ ಎಂಟು ದೋಷಗಳನ್ನು ಪಟ್ಟಿ ಮಾಡುತ್ತಾನೆ. ಆಯುಸ್ಸು ಕಡಿಮೆಯಾಗುವುದು, ಚುರುಕು ತಗ್ಗುವುದು, ಬೆವರು, ದುರ್ಗಂಧ, ಅತಿಯಾದ ಹಸಿವು ಬಾಯಾರಿಕೆಗಳ ಜೊತೆಗೆ ದಾಂಪತ್ಯ ಸುಖ ಕಷ್ಟವಾಗುವುದೂ ಆ ಪಟ್ಟಿಯಲ್ಲಿದೆ. ಶುಕ್ರ ಕಡಿಮೆಯಾಗುವುದು ಮತ್ತು ಮೇದಸ್ಸು ದಾರಿಗಳನ್ನು ಮುಚ್ಚುವುದು ಇದಕ್ಕೆ ಕಾರಣವೆಂದು ಅವನ ವಿವರಣೆ. ಅತಿಯಾಗಿ ಸೊರಗಿದವನನ್ನೂ ಅವನು ಬಿಟ್ಟಿಲ್ಲ. ಇಬ್ಬರನ್ನೂ ಒಂದೇ ಅಧ್ಯಾಯದಲ್ಲಿ ಕೂರಿಸಿದ್ದಾನೆ.

ಇದೇ ಮಾತನ್ನು ಗ್ರೀಸಿನ ಅರಿಸ್ಟಾಟಲ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಬೇರೊಂದು ದಾರಿಯಿಂದ ತಲುಪಿದ್ದ. ಬೀಜವಾಗಬೇಕಾದ ಆಹಾರದ ಸಾರ ಕೊಬ್ಬಾಗಿ ಖರ್ಚಾದರೆ ಬೀಜಕ್ಕೆ ಉಳಿಯುವುದೇನು ಎಂಬುದು ಅವನ ತರ್ಕ. ಕೊಬ್ಬಿದ ಹೋತಗಳು ಸಂತಾನಕ್ಕೆ ಹಿಂದೆಬೀಳುತ್ತವೆ ಎಂದೂ, ಅತಿಯಾಗಿ ಸೊಕ್ಕಿದ ದ್ರಾಕ್ಷಿಬಳ್ಳಿ ಹಣ್ಣು ಬಿಡದೆಂದೂ ಅವನು ಉದಾಹರಣೆ ಕೊಟ್ಟ. ಗೊಬ್ಬರ ಹೆಚ್ಚಾಗಿ ಬಳ್ಳಿ ಸೊಕ್ಕಿದರೆ ಎಲೆಯೇ ಎಲೆ, ಕಾಯಿ ಇಲ್ಲ ಎಂಬುದು ನಮ್ಮ ರೈತನಿಗೂ ಹೊಸತಲ್ಲ.

ಇವರ ವಿವರಣೆಗಳನ್ನು ಇಂದಿನ ಶರೀರಶಾಸ್ತ್ರ ಒಪ್ಪುವುದಿಲ್ಲ. ಅನ್ನ ಏಳು ಮೆಟ್ಟಿಲು ಹತ್ತಿ ಶುಕ್ರವಾಗುವುದಿಲ್ಲ. ಅಷ್ಟೇ ಅಲ್ಲ, ಈ ಏಳು ಮೆಟ್ಟಿಲಿನ ಕಲ್ಪನೆ ಒಂದು ಕೆಡುಕನ್ನೂ ಉಳಿಸಿಹೋಯಿತು. ಒಂದು ತೊಟ್ಟು ವೀರ್ಯ ಹತ್ತಾರು ತೊಟ್ಟು ರಕ್ತಕ್ಕೆ ಸಮ ಎಂಬ ನಂಬಿಕೆ ಬೆಳೆದು, 'ಧಾತು ನಷ್ಟ'ದ ಭಯದಲ್ಲಿ ಯುವಕರು ಬಳಲತೊಡಗಿದರು. ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಈ ಭಯಕ್ಕೆ 'ಧಾತ್ ಸಿಂಡ್ರೋಮ್' ಎಂಬ ಹೆಸರನ್ನೇ ಕೊಟ್ಟರು. ಬಸ್ ನಿಲ್ದಾಣದ ಗೋಡೆಗಳ ಮೇಲೆ 'ಗುಪ್ತರೋಗ'ದ ಜಾಹೀರಾತು ಅಂಟಿಸುವವರ ವ್ಯಾಪಾರ ನಡೆದಿರುವುದು ಈ ಭಯದ ಬಂಡವಾಳದಿಂದಲೇ. ಆದರೂ ಹಿಂದಿನವರ ಮೂಲ ಅವಲೋಕನ, ಅಂದರೆ ಅತಿ ಸೊರಗಿದರೂ ಅತಿ ಕೊಬ್ಬಿದರೂ ಬೀಜ ಕುಗ್ಗುತ್ತದೆ ಎಂಬುದು, ಬಹುಮಟ್ಟಿಗೆ ನಿಜವಾಯಿತು.

ಮೂರು ತಿಂಗಳ ಬೆಳೆ

ವೀರ್ಯಾಣುವನ್ನು ಮನುಷ್ಯ ಕಣ್ಣಾರೆ ಕಂಡದ್ದು 1677ರಲ್ಲಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್, ತಾನೇ ಉಜ್ಜಿ ತಯಾರಿಸಿದ ಮಸೂರದ ಕೆಳಗೆ ಬಾಲ ಬಡಿಯುತ್ತಾ ಈಜುವ ಸಾವಿರಾರು ಜೀವಿಗಳನ್ನು ನೋಡಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅವುಗಳನ್ನು ಕ್ರಮಬದ್ಧವಾಗಿ ಎಣಿಸುವ ವಿಧಾನ ಬರಲು ಮತ್ತೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆ ವೀರ್ಯಪರೀಕ್ಷೆಯ ಮೊದಲ ಕೈಪಿಡಿಯನ್ನು ಹೊರತಂದದ್ದು 1980ರಲ್ಲಿ. 2021ರ ಆರನೆಯ ಆವೃತ್ತಿಯ ಪ್ರಕಾರ ಒಂದು ಮಿಲಿಲೀಟರ್ ವೀರ್ಯದಲ್ಲಿ 1.6 ಕೋಟಿ ವೀರ್ಯಾಣುಗಳಿರುವುದು ಕೆಳಗಿನ ಮಿತಿ. ಇದಕ್ಕಿಂತ ಕಡಿಮೆ ಇದ್ದರೆ ಮಕ್ಕಳೇ ಆಗುವುದಿಲ್ಲ ಎಂದು ಅರ್ಥವಲ್ಲ. ತಂದೆಯಾದ ಗಂಡಸರಲ್ಲೂ ನೂರಕ್ಕೆ ಐವರು ಈ ಗೆರೆಯ ಕೆಳಗೇ ಇರುತ್ತಾರೆ. ಸಾಧ್ಯತೆ ಕಡಿಮೆಯಾಗುತ್ತದೆ, ತಡವಾಗುತ್ತದೆ, ಅಷ್ಟೆ.

ಇಷ್ಟು ದೊಡ್ಡ ಸಂಖ್ಯೆಯ ಬೀಜ ತಯಾರಾಗುವ ಬಗೆ ಸೋಜಿಗದ್ದು. ಆಜ್ಞೆ ಹೊರಡುವುದು ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗದಿಂದ. ಅದು ಪಕ್ಕದ ಪಿಟ್ಯೂಟರಿ ಗ್ರಂಥಿಗೆ ಸೂಚನೆ ಕಳಿಸುತ್ತದೆ. ಪಿಟ್ಯೂಟರಿ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಒಂದು ವೃಷಣದಲ್ಲಿ ಟೆಸ್ಟೋಸ್ಟಿರಾನ್ ತಯಾರಾಗುವಂತೆ ಮಾಡಿದರೆ, ಇನ್ನೊಂದು ವೀರ್ಯಾಣುಗಳ ಉತ್ಪಾದನೆಗೆ ನೆರವಾಗುತ್ತದೆ. ಒಂದು ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳಷ್ಟು ಕಾಲ ಬೇಕು. ಅದು ಬಲಿತು ಈಜಲು ಕಲಿತು ಹೊರಬರುವಷ್ಟರಲ್ಲಿ ಹತ್ತಿರ ಹತ್ತಿರ ಮೂರು ತಿಂಗಳು. ರಾಗಿ ಬಿತ್ತಿ ಕೊಯ್ಯುವಷ್ಟು ಕಾಲವೆಂದರೂ ಆದೀತು. ಇಂದಿನ ವೀರ್ಯಪರೀಕ್ಷೆ ಹೇಳುವುದು ಕಳೆದ ಮೂರು ತಿಂಗಳ ಕಥೆಯನ್ನು. ಇಂದು ಬದಲಿಸಿದ ಊಟದ ಫಲ ಕಾಣುವುದು ಮುಂದಿನ ಮೂರು ತಿಂಗಳ ನಂತರ.

ಈ ಕಾರ್ಖಾನೆಗೆ ತಂಪು ಬೇಕು. ವೃಷಣಗಳು ದೇಹದ ಹೊರಗೆ ಚೀಲದಲ್ಲಿ ತೂಗಾಡುತ್ತಿರುವುದು ಈ ಕಾರಣಕ್ಕೆ. ಅಲ್ಲಿನ ಉಷ್ಣತೆ ದೇಹದ ಒಳಗಿನದಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಕಡಿಮೆ. ಆಜ್ಞೆ, ಪೋಷಣೆ, ತಂಪು ಈ ಮೂರರಲ್ಲಿ ಯಾವುದು ತಪ್ಪಿದರೂ ಬೆಳೆ ಕೈಕೊಡುತ್ತದೆ. ಊಟ ಮತ್ತು ತೂಕ ಮೂರನ್ನೂ ತಟ್ಟುತ್ತವೆ ಎಂಬುದನ್ನು ಇಪ್ಪತ್ತನೆಯ ಶತಮಾನದ ಕೆಲವು ಘಟನೆಗಳು ತೋರಿಸಿಕೊಟ್ಟವು.

ಹಸಿವಿನ ಪಾಠ

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಯೂರೋಪಿನ ಕೋಟ್ಯಂತರ ಜನ ಹಸಿದಿದ್ದರು. ಅವರಿಗೆ ಮರಳಿ ಉಣಿಸುವುದು ಹೇಗೆಂದು ತಿಳಿಯಲು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ವಿಜ್ಞಾನಿ ಆನ್ಸೆಲ್ ಕೀಸ್ ಒಂದು ಪ್ರಯೋಗಕ್ಕೆ ಕೈಹಾಕಿದರು. ಮನಸ್ಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯಲೊಪ್ಪದ 36 ಯುವಕರು ಅದಕ್ಕೆ ಸ್ವಇಚ್ಛೆಯಿಂದ ಮುಂದೆ ಬಂದರು. 1945ರ ಫೆಬ್ರುವರಿಯಿಂದ 24 ವಾರಗಳ ಕಾಲ ಅವರಿಗೆ ಅರೆಹೊಟ್ಟೆ. ಆಲೂಗಡ್ಡೆ, ಟರ್ನಿಪ್ ಗಡ್ಡೆ, ಬ್ರೆಡ್ಡು, ಮ್ಯಾಕರೋನಿಗಳ ಊಟ. ಪ್ರತಿಯೊಬ್ಬನೂ ತನ್ನ ತೂಕದ ಕಾಲು ಭಾಗದಷ್ಟನ್ನು ಕಳೆದುಕೊಳ್ಳಬೇಕೆಂಬುದು ಗುರಿಯಾಗಿತ್ತು.

ವಾರಗಳು ಕಳೆದಂತೆ ಆ ಯುವಕರು ಅಡುಗೆ ಪುಸ್ತಕಗಳನ್ನು ಓದತೊಡಗಿದರು; ಹೆಣ್ಣಿನ ಯೋಚನೆ ಬಿಟ್ಟೇಹೋಯಿತು. ಮೊದಲು ಕುಗ್ಗಿದ್ದು ಕಾಮದ ಬಯಕೆ. ನಂತರ ವೀರ್ಯದ ದ್ರವದ ಪ್ರಮಾಣ ತಗ್ಗಿತು. ವೀರ್ಯಾಣುಗಳ ಚಲನೆ ಮಂದವಾಯಿತು, ಆಯುಸ್ಸು ಕುಗ್ಗಿತು. ದೇಹಕ್ಕೆ ತನ್ನ ಜೀವ ಉಳಿಸಿಕೊಳ್ಳುವುದೇ ಕಷ್ಟವಾದಾಗ ಇನ್ನೊಂದು ಜೀವದ ಕೆಲಸವನ್ನು ಅದು ಮುಂದೂಡುತ್ತದೆ. ಹೊಟ್ಟೆತುಂಬ ಊಟ ಸಿಕ್ಕ ಮೇಲೂ ಎಲ್ಲ ಸರಿಹೋಗಲು ತಿಂಗಳುಗಳೇ ಬೇಕಾದವು. ಕೀಸ್ ಈ ಪ್ರಯೋಗವನ್ನು 1950ರಲ್ಲಿ ಎರಡು ಸಂಪುಟಗಳ ಗ್ರಂಥವಾಗಿ ಪ್ರಕಟಿಸಿದರು.

ಹೊಟ್ಟೆ ತುಂಬಿದರೂ ಸಾಲದು

ಹಸಿವು ಎಂದರೆ ಖಾಲಿ ಹೊಟ್ಟೆ ಮಾತ್ರವಲ್ಲ. ಹೊಟ್ಟೆ ತುಂಬಿಯೂ ಬೀಜ ಬರಡಾಗಬಹುದು ಎಂದು ತೋರಿಸಿದವರು ಒಬ್ಬ ಭಾರತೀಯ. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿ ಪಟ್ನಾದಲ್ಲಿ ವೈದ್ಯಕೀಯ ಓದಿದ ಡಾ. ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜ್ ನಗರದ ಆಸ್ಪತ್ರೆಗೆ ಹೋದರು. ಅಲ್ಲಿ ಅವರ ಬಳಿ ಬಂದ ಇಪ್ಪತ್ತೊಂದು ವರ್ಷದ ರೋಗಿ ನೋಡಲು ಹತ್ತು ವರ್ಷದ ಹುಡುಗನಂತಿದ್ದ. ಗಡ್ಡ ಮೀಸೆ ಇಲ್ಲ, ಜನನಾಂಗಗಳ ಬೆಳವಣಿಗೆಯೇ ಆಗಿಲ್ಲ. ಅದೇ ಬಗೆಯ ಇನ್ನೂ ಹಲವು ಯುವಕರು ಆ ಸುತ್ತಿನಲ್ಲಿದ್ದರು. ಅವರ ಊಟವೆಂದರೆ ಹುದುಗು ಬರಿಸದ ಗೋಧಿ ರೊಟ್ಟಿ. ಜೊತೆಗೆ ಮಣ್ಣು ತಿನ್ನುವ ಚಟ.

ಕಬ್ಬಿಣದ ಕೊರತೆಯೊಂದೇ ಇದಕ್ಕೆ ಕಾರಣವಾಗಿರಲಾರದು, ಸತುವಿನ ಕೊರತೆಯೂ ಇರಬೇಕು ಎಂಬುದು ಪ್ರಸಾದ್ ಅವರ ಊಹೆ. ಮನುಷ್ಯನಿಗೆ ಸತುವಿನ ಕೊರತೆ ಆಗುವುದೇ ಇಲ್ಲವೆಂದು ಆ ಕಾಲದ ವಿಜ್ಞಾನ ನಂಬಿತ್ತು. ಮುಂದೆ ಈಜಿಪ್ಟಿನ ಹಳ್ಳಿಗಳಲ್ಲಿ ಇಂಥದೇ ಯುವಕರಿಗೆ ಸತು ಕೊಟ್ಟಾಗ ಅವರು ಎತ್ತರ ಬೆಳೆದರು, ಗಂಡಸರಾದರು. ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತು ಕರುಳಿನಲ್ಲಿ ಸತುವನ್ನು ಕಟ್ಟಿಹಾಕುತ್ತದೆ, ಮೈಗೆ ಹತ್ತಗೊಡುವುದಿಲ್ಲ. ಅವರ ರೊಟ್ಟಿಯಲ್ಲಿ ಸತುವಿತ್ತು, ದೇಹಕ್ಕೆ ದಕ್ಕುತ್ತಿರಲಿಲ್ಲ. ಮುಂದೆ ಅಮೆರಿಕದಲ್ಲಿ ಪ್ರಸಾದ್ ಮತ್ತು ಅವರ ಸಂಗಡಿಗರು ಸ್ವಯಂಸೇವಕರ ಊಟದಲ್ಲಿ ಸತುವನ್ನು ಕಡಿತಗೊಳಿಸಿ ನೋಡಿದರು. ಬೆಳೆದ ಗಂಡಸರಲ್ಲೂ ವೀರ್ಯಾಣುಗಳ ಸಂಖ್ಯೆ ಇಳಿಯಿತು. ಸತು ಮರಳಿ ಕೊಟ್ಟಾಗ ಏರಿತು. ಆ ವರದಿ 1980ರಲ್ಲಿ ಪ್ರಕಟವಾಯಿತು.

ಇಲ್ಲಿ ನಮ್ಮ ಅಡುಗೆಮನೆಯನ್ನು ನೆನೆಯಬೇಕು. ರಾಗಿ, ಗೋಧಿ, ಕಾಳುಗಳಲ್ಲೂ ಫೈಟೇಟ್ ಇದೆ. ಆದರೆ ನೆನೆಸಿದಾಗ, ಮೊಳಕೆ ಬರಿಸಿದಾಗ, ಹುಳಿ ಬರಿಸಿದಾಗ ಅದು ಕಡಿಮೆಯಾಗುತ್ತದೆ. ಮೊಳಕೆಕಾಳಿನ ಸಾರು, ಹುಳಿಬಂದ ಇಡ್ಲಿ ದೋಸೆಯ ಹಿಟ್ಟು, ಮೊಳಕೆ ರಾಗಿಯ ಹುರಿಹಿಟ್ಟು ಇವೆಲ್ಲ ರುಚಿಗಾಗಿ ಮಾತ್ರ ಹುಟ್ಟಿದ್ದಲ್ಲ ಎನಿಸುತ್ತದೆ. ಮಾಂಸ, ಮೊಟ್ಟೆ, ಹಾಲು, ಎಳ್ಳು, ಶೇಂಗಾ, ಕಡಲೆಗಳಲ್ಲಿ ಸತು ದೊರೆಯುತ್ತದೆ.

ಎಣ್ಣೆಯ ಕಥೆ

ಆಹಾರದಲ್ಲಿ ಏನೋ ಕಡಿಮೆಯಾಗಿ ಬೀಜ ಕೆಡುವುದು ಒಂದು ಬಗೆ. ಆಹಾರದಲ್ಲಿ ಸೇರಬಾರದ್ದು ಸೇರಿ ಕೆಡುವುದು ಇನ್ನೊಂದು ಬಗೆ. ಇದರ ಪ್ರಸಿದ್ಧ ಉದಾಹರಣೆ ಚೀನಾದ್ದು. ಅಲ್ಲಿನ ಹತ್ತಿ ಬೆಳೆಯುವ ಕೆಲವು ಹಳ್ಳಿಗಳ ಜನ ಅಡುಗೆಗೆ ಕಚ್ಚಾ ಹತ್ತಿಬೀಜದ ಎಣ್ಣೆ ಬಳಸತೊಡಗಿದ ಮೇಲೆ ಮಕ್ಕಳು ಹುಟ್ಟುವುದೇ ನಿಂತುಹೋಯಿತು. ಹೆಂಗಸರ ಮುಟ್ಟು ಏರುಪೇರಾಯಿತು; ಗಂಡಸರು ಸಂತಾನಶಕ್ತಿ ಕಳೆದುಕೊಂಡರು. ದೋಷ ಎಣ್ಣೆಯಲ್ಲಿರಬಹುದೆಂದು 1957ರಲ್ಲಿ ಚೀನೀ ವೈದ್ಯರೊಬ್ಬರು ಬರೆದರು. ನಂತರದ ಸಂಶೋಧನೆ ಅದನ್ನು ಖಚಿತಪಡಿಸಿತು. ಅಪರಾಧಿ, ಹತ್ತಿಬೀಜದಲ್ಲಿರುವ ಗಾಸಿಪಾಲ್ ಎಂಬ ಹಳದಿ ವಸ್ತು.

ಚೀನೀ ವಿಜ್ಞಾನಿಗಳು ಈ ಶಾಪವನ್ನೇ ವರವಾಗಿಸಲು ಹೊರಟರು. 1970ರ ದಶಕದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಗಂಡಸರಿಗೆ ಗಾಸಿಪಾಲನ್ನು ಗರ್ಭನಿರೋಧಕ ಗುಳಿಗೆಯಾಗಿ ಕೊಟ್ಟು ನೋಡಿದರು. ಗುಳಿಗೆ ಕೆಲಸವನ್ನೇನೋ ಮಾಡಿತು. ಆದರೆ ಕೆಲವರ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಕೈಕಾಲು ಸೋತವು. ಹಲವರಲ್ಲಿ ಗುಳಿಗೆ ನಿಲ್ಲಿಸಿದ ಮೇಲೂ ವೀರ್ಯಾಣುಗಳು ಮರಳಲಿಲ್ಲ. 1980ರ ದಶಕದಲ್ಲಿ ಆ ಪ್ರಯತ್ನವನ್ನು ಕೈಬಿಡಲಾಯಿತು.

ಹಾವೇರಿ, ಧಾರವಾಡ, ರಾಯಚೂರು ಕಡೆಯ ಓದುಗರು ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಶುದ್ಧೀಕರಿಸಿದ ಹತ್ತಿಬೀಜದ ಎಣ್ಣೆಯಲ್ಲಿ ಗಾಸಿಪಾಲನ್ನು ತೆಗೆದಿರುತ್ತಾರೆ. ಹತ್ತಿಕಾಳಿನ ಹಿಂಡಿ ತಿನ್ನುವ ಎಮ್ಮೆ ಹಸುಗಳು ಮೆಲುಕು ಹಾಕುವ ಪ್ರಾಣಿಗಳಾದ್ದರಿಂದ ಅವುಗಳ ಹೊಟ್ಟೆಯೇ ಈ ವಿಷದ ಬಹುಪಾಲನ್ನು ಕಟ್ಟಿಹಾಕುತ್ತದೆ. ಗಮನಿಸಬೇಕಾದ್ದು ಬೇರೆ. ಆ ಹಳ್ಳಿಗಳ ಗಂಡಸರು ಉಂಡದ್ದು ಮನೆಯ ಅಡುಗೆಯನ್ನೇ. ಮನೆಮಂದಿಗೆಲ್ಲ ಒಂದೇ ಒಗ್ಗರಣೆ. ದಿನನಿತ್ಯದ ಅಡುಗೆ ಗಂಡಸಿನ ಬೀಜವನ್ನು ಸದ್ದಿಲ್ಲದೆ ತಟ್ಟಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬೊಜ್ಜು ಮಾಡುವ ಕೆಲಸ

ಇಂದಿನ ದೊಡ್ಡ ಸಮಸ್ಯೆ ಹೊಟ್ಟೆಯ ಸುತ್ತ ಇದೆ. ಬೊಜ್ಜು ಸುಮ್ಮನೆ ಬಿದ್ದಿರುವ ಮೂಟೆ ಎಂದು ಬಹಳ ಕಾಲ ನಂಬಲಾಗಿತ್ತು. ಅದು ಸುಮ್ಮನೆ ಕೂರುವುದಿಲ್ಲ. ಕೊಬ್ಬಿನ ಅಂಗಾಂಶದಲ್ಲಿ ಅರೋಮಟೇಸ್ ಎಂಬ ಕಿಣ್ವವಿದೆ. ಅದು ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟಿರಾನನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಈಸ್ಟ್ರೋಜನ್ ಏರಿದ್ದನ್ನು ಕಂಡ ಮಿದುಳು, ಹಾರ್ಮೋನು ಸಾಕಷ್ಟಿದೆ ಎಂದು ತಪ್ಪಾಗಿ ತಿಳಿದು ಆಜ್ಞೆಯನ್ನು ತಗ್ಗಿಸುತ್ತದೆ. ವೃಷಣಗಳ ಕೆಲಸ ನಿಧಾನವಾಗುತ್ತದೆ. ಬೊಜ್ಜಿನ ಬೆನ್ನಿಗೇ ಬರುವ ಇನ್ಸುಲಿನ್ ಏರುಪೇರು, ರಾತ್ರಿ ಗೊರಕೆಯ ನಡುವೆ ಉಸಿರುಕಟ್ಟುವ ತೊಂದರೆ ಇವೂ ಹಾರ್ಮೋನನ್ನು ಇಳಿಸುತ್ತವೆ. ತೊಡೆ ಹೊಟ್ಟೆಗಳ ಕೊಬ್ಬು ವೃಷಣಗಳ ತಂಪನ್ನೂ ಕಸಿಯುತ್ತದೆ. ಇವೆಲ್ಲದರ ಜೊತೆಗೆ ವೀರ್ಯಾಣುವಿನ ತೆಳುಪೊರೆ ಬೇಗ ತುಕ್ಕು ಹಿಡಿಯುವ ಬಗೆಯ ಕೊಬ್ಬಿನಿಂದ ಆದದ್ದು. ದೇಹದಲ್ಲಿ ಉರಿಯೂತ ಹೆಚ್ಚಿದಷ್ಟೂ ಆ ತುಕ್ಕು ಹೆಚ್ಚು. ಹಣ್ಣು ತರಕಾರಿಗಳು ಅದನ್ನು ತಡೆಯಲು ನೆರವಾಗುತ್ತವೆ. ಬೀಡಿ, ಸಿಗರೇಟು, ಮದ್ಯ ಅದನ್ನು ಹೆಚ್ಚಿಸುತ್ತವೆ.

ಡೆನ್ಮಾರ್ಕಿನಲ್ಲಿ ಸೈನ್ಯದ ತಪಾಸಣೆಗೆ ಬಂದ 1,558 ಯುವಕರ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ತೂಕವನ್ನು ಕಿಲೋದಲ್ಲಿ, ಎತ್ತರವನ್ನು ಮೀಟರಿನಲ್ಲಿ ಅಳೆದು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯೇ ದೇಹತೂಕ ಸೂಚ್ಯಂಕ. ಆ ಸೂಚ್ಯಂಕ 25ಕ್ಕಿಂತ ಹೆಚ್ಚಿದ್ದವರಲ್ಲಿ ವೀರ್ಯಾಣುಗಳ ಸಾಂದ್ರತೆ ಸರಿತೂಕದವರಿಗಿಂತ ಸುಮಾರು ಶೇಕಡ 22ರಷ್ಟು ಕಡಿಮೆ. ಆದರೆ 20ಕ್ಕಿಂತ ಕಡಿಮೆ ಇದ್ದ ಸಣಕಲರಲ್ಲಿ ಸುಮಾರು ಶೇಕಡ 28ರಷ್ಟು ಕಡಿಮೆ! ಚರಕ ಇಬ್ಬರನ್ನೂ ಒಂದೇ ಅಧ್ಯಾಯದಲ್ಲಿ ಕೂರಿಸಿದ್ದು ಇಲ್ಲಿ ನೆನಪಾಗುತ್ತದೆ.

ಈ ಎರಡೂ ತುದಿಗಳು ನಮ್ಮ ದೇಶದಲ್ಲಿ ಒಟ್ಟಿಗೇ ಇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗಂಡಸರಲ್ಲಿ ನೂರಕ್ಕೆ 16 ಮಂದಿ ತೀರಾ ತೆಳ್ಳಗಿದ್ದರೆ, 23 ಮಂದಿ ಅತಿತೂಕದವರು. ಹಿಂದಿನ ಸಮೀಕ್ಷೆಯಲ್ಲಿ ಅತಿತೂಕದವರು 19 ಮಂದಿ ಇದ್ದರು. ಭಾರತೀಯರ ಮೈಕಟ್ಟಿನಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಕೊಬ್ಬು ಸೇರುವುದರಿಂದ ನಮ್ಮವರಿಗೆ ಸೂಚ್ಯಂಕ 23 ದಾಟಿದರೇ ಎಚ್ಚರಿಕೆ ಎಂದು ತಜ್ಞರು 2009ರಲ್ಲೇ ಹೇಳಿದ್ದಾರೆ. ಐದೂವರೆ ಅಡಿ ಎತ್ತರದ, ಎಪ್ಪತ್ತು ಕಿಲೋ ತೂಕದ ಗಂಡಸು ಸರಿಸುಮಾರು 25ರಲ್ಲಿರುತ್ತಾನೆ. ಅಂಥವನನ್ನು ನಮ್ಮ ಮನೆಗಳಲ್ಲಿ ಯಾರೂ ದಪ್ಪ ಎನ್ನುವುದಿಲ್ಲ. 'ಮದುವೆಯಾದ ಮೇಲೆ ಮೈ ತುಂಬಿಕೊಂಡಿದ್ದಾನೆ' ಎಂದು ಮೆಚ್ಚುತ್ತಾರೆ.

ತಿದ್ದಿಕೊಳ್ಳಲು ಸಾಧ್ಯವೇ?

ಸಾಧ್ಯ ಎಂಬುದು ಈ ಕಥೆಯ ಸಮಾಧಾನದ ಭಾಗ. ಡೆನ್ಮಾರ್ಕಿನಲ್ಲೇ ಬೊಜ್ಜಿರುವ 56 ಗಂಡಸರನ್ನು ಎಂಟು ವಾರ ತೀರಾ ಕಡಿಮೆ ಕ್ಯಾಲೊರಿಯ ಆಹಾರದಲ್ಲಿಟ್ಟು ನೋಡಿದ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂತು. ಅವರು ಸರಾಸರಿ ಹದಿನಾರು ಕಿಲೋಗೂ ಹೆಚ್ಚು ತೂಕ ಇಳಿಸಿದರು. ವೀರ್ಯಾಣುಗಳ ಸಾಂದ್ರತೆ ಸುಮಾರು ಒಂದೂವರೆ ಪಟ್ಟಾಯಿತು. ವರ್ಷದ ನಂತರವೂ ಆ ಲಾಭ ಉಳಿದದ್ದು ಇಳಿಸಿದ ತೂಕವನ್ನು ಹಾಗೆಯೇ ಉಳಿಸಿಕೊಂಡವರಲ್ಲಿ ಮಾತ್ರ. ಇದು ವೈದ್ಯರ ಕಣ್ಗಾವಲಿನಲ್ಲಿ ನಡೆದ ಪ್ರಯೋಗ. ಮನೆಯಲ್ಲಿ ಒಮ್ಮೆಲೇ ಉಪವಾಸಕ್ಕೆ ಕೂತರೆ ಮಿನ್ನೆಸೋಟಾದ ಯುವಕರ ಗತಿಯಾದೀತು. ಅನ್ನದ ರಾಶಿ ಸ್ವಲ್ಪ ತಗ್ಗಿಸಿ ಕಾಳು ಸೊಪ್ಪು ಹೆಚ್ಚಿಸುವುದು, ಸಂಜೆಯ ಬೋಂಡಾ ಬಜ್ಜಿ, ಸಕ್ಕರೆ ತುಂಬಿದ ಪಾನೀಯಗಳನ್ನು ಬಿಡುವುದು, ದಿನಾ ಬಿರುಸಾಗಿ ನಡೆಯುವುದು ಇವು ಎಲ್ಲರಿಗೂ ನಿಲುಕುವ ದಾರಿಗಳು.

ಇದರ ಬದಲು ಅಂಗಡಿಯ ಪುಡಿ, ಮಾತ್ರೆ ಸಾಲದೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ಚಿಕಿತ್ಸೆಗೆ ಬಂದ 2,370 ದಂಪತಿಗಳಲ್ಲಿ ಅರ್ಧದಷ್ಟು ಗಂಡಸರಿಗೆ ಸತು ಮತ್ತು ಫೋಲಿಕ್ ಆಮ್ಲದ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹುಟ್ಟಿದ ಮಕ್ಕಳ ಸಂಖ್ಯೆಯಲ್ಲಾಗಲೀ ವೀರ್ಯದ ಗುಣದಲ್ಲಾಗಲೀ ಮಾತ್ರೆಯಿಂದ ಲಾಭ ಕಾಣಲಿಲ್ಲ. ಈಜಿಪ್ಟಿನ ಹಳ್ಳಿಗಳ ಯುವಕರಿಗೆ ಸತು ಅಮೃತವಾಯಿತು, ಏಕೆಂದರೆ ಅವರಿಗೆ ಅದರ ಕೊರತೆಯಿತ್ತು. ಕೊರತೆ ಇಲ್ಲದವನಿಗೆ ಅದು ಬರೀ ಖರ್ಚು.

ಇನ್ನೂ ಅಪಾಯದ ದಾರಿಯೊಂದಿದೆ. ವ್ಯಾಯಾಮಶಾಲೆಗೆ ಹೋಗುವ ಕೆಲವು ಹುಡುಗರು ಮಾಂಸಖಂಡ ಉಬ್ಬಿಸಲು ಟೆಸ್ಟೋಸ್ಟಿರಾನ್ ಬಗೆಯ ಚುಚ್ಚುಮದ್ದು ತೆಗೆದುಕೊಳ್ಳುತ್ತಾರೆ. ಹೊರಗಿನಿಂದ ಹಾರ್ಮೋನು ಬಂದೊಡನೆ ಮಿದುಳು ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ. ವೀರ್ಯಾಣುಗಳ ಉತ್ಪಾದನೆ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗರ್ಭನಿರೋಧಕವಾಗಿ ಪರೀಕ್ಷಿಸಿ 1990ರಲ್ಲಿ ವರದಿ ಮಾಡಿತ್ತು. ವಾರಕ್ಕೊಂದು ಚುಚ್ಚುಮದ್ದು ಪಡೆದ 271 ಆರೋಗ್ಯವಂತ ಗಂಡಸರಲ್ಲಿ 157 ಮಂದಿಯ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲವಾದವು. ಗಂಡಸುತನಕ್ಕೆಂದು ಚುಚ್ಚಿಸಿಕೊಂಡ ಮದ್ದು ಗಂಡಸನ್ನು ತಂದೆಯಾಗದಂತೆ ತಡೆಯುವುದು ವಿಪರ್ಯಾಸವೇ ಸರಿ. ನಿಲ್ಲಿಸಿದ ಮೇಲೆ ಬಹುತೇಕರಲ್ಲಿ ಉತ್ಪಾದನೆ ಮರಳುತ್ತದಾದರೂ ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು.

ಒಬ್ಬರ ಮೇಲೆ ಹೊರಿಸುವ ಮಾತಲ್ಲ

ಹಾಗೆಂದು ಎಲ್ಲವನ್ನೂ ಊಟದ ತಟ್ಟೆಗೆ ಗಂಟುಹಾಕಲು ಬಾರದು. ವೃಷಣದ ರಕ್ತನಾಳ ಉಬ್ಬುವುದು, ಹರೆಯದಲ್ಲಿ ಬಂದ ಮಂಗನಬಾವು ವೃಷಣಕ್ಕಿಳಿಯುವುದು, ನಾಳ ಮುಚ್ಚಿಹೋಗುವುದು, ವರ್ಣತಂತುಗಳ ದೋಷ, ಸೋಂಕು ಹೀಗೆ ಕಾರಣಗಳು ಹಲವಾರು. ತೆಳ್ಳಗೆ ಗಟ್ಟಿಯಾಗಿದ್ದು ಚೆನ್ನಾಗಿ ಉಣ್ಣುವವನಲ್ಲೂ ವೀರ್ಯಾಣುಗಳಿಲ್ಲದಿರಬಹುದು. ದಪ್ಪಗಿರುವ ಎಷ್ಟೋ ಗಂಡಸರು ಮಕ್ಕಳೊಂದಿಗರಾಗಿದ್ದಾರೆ. ಇಷ್ಟು ದಿನ ಹೆಂಡತಿಯ ಮೇಲೆ ಹೊರಿಸಿದ್ದ ಅಪವಾದವನ್ನು ಇನ್ನು ಗಂಡನ ಹೊಟ್ಟೆಯ ಮೇಲೆ ಹೊರಿಸಿದರೆ ಬದಲಾವಣೆಯೇನೂ ಆದಂತಾಗುವುದಿಲ್ಲ.

ಆಗಬೇಕಾದ್ದು ಇಷ್ಟೆ. ಒಂದು ವರ್ಷ ಕಾದರೂ ಗರ್ಭ ನಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ವೈದ್ಯರಲ್ಲಿಗೆ ಹೋಗಬೇಕು. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ ಹೋಗುವುದು ಒಳ್ಳೆಯದು. ವೀರ್ಯಪರೀಕ್ಷೆಯಲ್ಲಿ ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಹೆಚ್ಚಿಲ್ಲ. ಹೆಣ್ಣಿನ ಮೇಲೆ ನಡೆಯುವ ಎಷ್ಟೋ ಪರೀಕ್ಷೆಗಳಿಗೆ ಹೋಲಿಸಿದರೆ ಅದು ಸುಲಭದ ಕೆಲಸ. ಫಲಿತಾಂಶ ಕಡಿಮೆ ಬಂದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು, ಒಂದೇ ಪರೀಕ್ಷೆಯನ್ನು ನಂಬಿ ಕೂರಬಾರದು. ಕಾರಣ ತೂಕದಲ್ಲಿ ಕಂಡರೆ ತೂಕವನ್ನು ತಿದ್ದಬೇಕು, ಊಟದಲ್ಲಿ ಕಂಡರೆ ಊಟವನ್ನು, ಬೇರೆಡೆ ಕಂಡರೆ ಅದಕ್ಕೆ ತಕ್ಕ ಚಿಕಿತ್ಸೆ. ಊಟ ತೂಕ ತಿದ್ದಿದವನು ಮೂರು ತಿಂಗಳು ತಾಳ್ಮೆಯಿಂದ ಕಾಯಬೇಕು. ಬೀಜದ ಬೆಳೆಗೆ ಅಷ್ಟು ಕಾಲ ಬೇಕೇ ಬೇಕು.

ಅರಳಿಕಟ್ಟೆ ಸುತ್ತುವ ನಂಬಿಕೆಯಿದ್ದವರು ಸುತ್ತಲಿ. ಆದರೆ ಜೊತೆಯಲ್ಲಿ ಗಂಡನೂ ಸುತ್ತಲಿ. ನೂರೆಂಟು ಸುತ್ತು ಬಿರುಸಾಗಿ ನಡೆದರೆ ಅವನ ಮೈಗೂ ಒಳ್ಳೆಯದು.